ಮಗು ಆರೋಗ್ಯವಾಗಿದೆ ಎಂದ ಮೇಲೆ ಹೆರಿಗೆ ಕೋಣೆಯ ಬಗ್ಗೆ ಕೇಳಬಾರದೇ?

ಪ್ರಶ್ನೆ: ನಿಟ್ಟುವಳ್ಳಿಯ ಬಾಣಂತಿ

ನಮಸ್ಕಾರ. ನನ್ನದು ಚೊಚ್ಚಲ ಹೆರಿಗೆ. ಗಂಡನ ಮನೆ ಚಿತ್ರದುರ್ಗ, ತವರು ದಾವಣಗೆರೆ. ಏಳನೆಯ ತಿಂಗಳವರೆಗೆ ದುರ್ಗದಲ್ಲಿಯೇ ಒಬ್ಬ ವೈದ್ಯೆಯ ಬಳಿ ತೋರಿಸಿಕೊಳ್ಳುತ್ತಿದ್ದೆ. ಸೀಮಂತ ಮುಗಿದ ಮೇಲೆ ವಾಡಿಕೆಯಂತೆ ತವರಿಗೆ ಬಂದು, ಇಲ್ಲಿನ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಹೆಸರು ಬರೆಸಿದೆವು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಯಾರೂ ಊಹಿಸಿ ಬರೆಯುವುದೂ ಬೇಡ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ನೋವು ಶುರುವಾದ ರಾತ್ರಿ ದಾಖಲಾದೆ. ಒಳಗೆ ಯಾರಿಗೂ ಪ್ರವೇಶವಿಲ್ಲ ಎಂದು ಅಮ್ಮನನ್ನು ಬಾಗಿಲಲ್ಲಿಯೇ ತಡೆದರು. ಬೆಳಗಿನವರೆಗೆ ಬಳಿಯಲ್ಲಿದ್ದವರು ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಮತ್ತು ಒಬ್ಬ ಆಯಾ. ಅವರೇ ಪಕ್ಕದ ಮಂಚದವರನ್ನೂ ನೋಡಿಕೊಳ್ಳಬೇಕಿತ್ತು. ಡ್ರಿಪ್ ಹಾಕಿದಾಗ ಅದು ಗ್ಲೂಕೋಸ್ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿನಲ್ಲಿಯೇ ನೋವು ಉಸಿರಿಗೂ ಬಿಡುವು ಕೊಡದಷ್ಟು ಒತ್ತೊತ್ತಾಗಿ ಬರತೊಡಗಿದಾಗ ಕೇಳಿದರೆ, ‘ನೋವು ಬರಲಿ ಅಂತಲೇ ಹಾಕಿರೋದು’ ಎಂಬ ಉತ್ತರ ಬಂತು. ಕೂಗಿಕೊಂಡದ್ದಕ್ಕೆ ತೊಡೆಯ ಮೇಲೆ ಹೊಡೆದರು. ‘ಗಂಡನ ಜೊತೆ ಮಲಗುವಾಗ ಈ ಕೂಗು ಎಲ್ಲಿತ್ತು’ ಎಂದು ಕೇಳಿದ್ದನ್ನು ನಾನು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕೊನೆಯ ಹಂತದಲ್ಲಿ ಒಬ್ಬರು ಸ್ಟೂಲಿನ ಮೇಲೆ ನಿಂತು, ಎರಡೂ ಕೈಗಳಿಂದ ಹೊಟ್ಟೆಯ ಮೇಲ್ಭಾಗವನ್ನು ಕೆಳಕ್ಕೆ ಒತ್ತಿದರು. ಕತ್ತರಿಸಿದ್ದಾರೆ ಎಂಬುದು ನನಗೆ ತಿಳಿದದ್ದೇ ಹೊಲಿಯುವಾಗ. ಮರಗಟ್ಟುವ ಇಂಜೆಕ್ಷನ್ ಹಿಡಿಯುವ ಮೊದಲೇ ಸೂಜಿ ಹಾಕಿದ್ದರಿಂದ ಒಂದೊಂದು ಹೊಲಿಗೆಯೂ ಗೊತ್ತಾಗುತ್ತಿತ್ತು. ಮಗುವನ್ನು ಒಮ್ಮೆ ತೋರಿಸಿ ಒಯ್ದವರು ಮಧ್ಯಾಹ್ನ ತಂದು ಕೊಡುವ ಹೊತ್ತಿಗೆ ಅದಕ್ಕೆ ಡಬ್ಬಿ ಹಾಲು ಕುಡಿಸಿಯಾಗಿತ್ತು.

ಡಿಸ್ಚಾರ್ಜ್ ಕಾಗದದಲ್ಲಿ ಸಹಜ ಹೆರಿಗೆ, ತೊಡಕುಗಳಿಲ್ಲ ಎಂದು ಬರೆದಿದ್ದಾರೆ. ಹೊಟ್ಟೆ ಒತ್ತಿದ ವಿಷಯ ಅದರಲ್ಲಿ ಇಲ್ಲ. ಮನೆಗೆ ಬಂದವರೆಲ್ಲರೂ ನರ್ಸಿಂಗ್ ಹೋಮ್‌ನಲ್ಲಿಯೂ ಸಿಸೇರಿಯನ್ ಇಲ್ಲದೆ ಆಯಿತಲ್ಲ, ಪುಣ್ಯ ಮಾಡಿದ್ದೀಯ ಎನ್ನುತ್ತಾರೆ. ನಮ್ಮ ಅತ್ತೆಯವರಂತೂ, ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿಯನ್ನು ನೆನಪಿಸಿ, ತಾಯಿ ಮಗು ಇಬ್ಬರೂ ಮನೆಗೆ ಬಂದಿರುವಾಗ ದೂರುವುದು ಒಳ್ಳೆಯದಲ್ಲ ಎಂದರು. ಅವರ ಮಾತನ್ನು ತಳ್ಳಿಹಾಕಲಾರೆ. ಆದರೂ ಅಲ್ಲಿ ನಡೆದುದರಲ್ಲಿ ಯಾವುದು ಚಿಕಿತ್ಸೆ, ಯಾವುದು ಬರಿಯ ಒರಟುತನ ಎಂಬುದನ್ನು ತಿಳಿದುಕೊಳ್ಳದೆ ಇನ್ನೊಂದು ಹೆರಿಗೆಯ ಮಾತು ಎತ್ತಲು ನನಗೆ ಧೈರ್ಯವಿಲ್ಲ. ಇದನ್ನು ಬಲ್ಲವರು ತಿಳಿಸುವಿರಾ? ನನ್ನ ಕೇಸ್ ಶೀಟ್ ಕೇಳುವ ಹಕ್ಕು ನನಗಿದೆಯೇ? ಇದ್ದರೆ ಯಾರನ್ನು ಕೇಳಬೇಕು?

ಉತ್ತರ: ನಿವೃತ್ತ ಶುಶ್ರೂಷಕಿ, ಹೊಳಲ್ಕೆರೆ ಕಡೆಯವರು

ತಂಗಿ, ನನ್ನ ಸೇವೆಯ ಬಹುಭಾಗ ಹೆರಿಗೆ ಕೋಣೆಯಲ್ಲಿಯೇ ಕಳೆಯಿತು. ನೀವು ಬರೆದಿರುವ ಸಂಗತಿಗಳನ್ನು ಬಿಡಿಬಿಡಿಯಾಗಿ ನೋಡಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಸರಿಯಾದ ಕ್ರಮಗಳೇ ಆಗಿದ್ದು ನಿಮಗೆ ಹೇಳದೆ ಮಾಡಿದ್ದರಿಂದ ಕೆಟ್ಟವಾಗಿ ಕಂಡಿವೆ, ಇನ್ನು ಕೆಲವು ಹೇಳಿ ಮಾಡಿದ್ದರೂ ತಪ್ಪೇ.

ಮೊದಲು ಡ್ರಿಪ್. ಅದು ಆಕ್ಸಿಟೋಸಿನ್ ಇರಬೇಕು. ಗರ್ಭಕೋಶದ ಬಾಯಿ ತೆರೆಯುವುದು ನಿಂತುಹೋದಾಗ ಅಥವಾ ನೋವು ಸಾಲದಾದಾಗ ಅದನ್ನು ಕೊಡುವುದುಂಟು, ಅದರಿಂದ ಎಷ್ಟೋ ಸಿಸೇರಿಯನ್‌ಗಳು ತಪ್ಪಿವೆ. ಆದರೆ ಅದನ್ನು ಸಾಮಾನ್ಯ ಗ್ಲೂಕೋಸ್‌ನಂತೆ ಬಿಟ್ಟು ಹೋಗುವ ಹಾಗಿಲ್ಲ. ಹನಿಯ ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಹತ್ತು ನಿಮಿಷಕ್ಕೆ ಎಷ್ಟು ನೋವು ಬರುತ್ತಿವೆ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸಿ, ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕೇಳಿ ಬರೆದುಕೊಳ್ಳಬೇಕು. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಬಂದರೆ ಹನಿ ಇಳಿಸಬೇಕು ಅಥವಾ ನಿಲ್ಲಿಸಬೇಕು, ಏಕೆಂದರೆ ಎರಡು ನೋವುಗಳ ನಡುವಿನ ಬಿಡುವಿನಲ್ಲಿಯೇ ಮಗುವಿಗೆ ಆಮ್ಲಜನಕ ಸರಿಯಾಗಿ ತಲುಪುವುದು. ಬಿಡುವೇ ಇರಲಿಲ್ಲ ಎಂದು ನೀವು ಬರೆದಿದ್ದೀರಿ. ಆ ಹೊತ್ತಿನಲ್ಲಿ ಯಾರಾದರೂ ಎಣಿಸಿದ್ದರೇ ಎಂಬುದು ಪಾರ್ಟೋಗ್ರಾಫ್ ಎಂಬ ನಕ್ಷೆಯ ಹಾಳೆಯಲ್ಲಿ ಇರುತ್ತದೆ, ಅಥವಾ ಆ ಹಾಳೆ ಖಾಲಿಯಿರುತ್ತದೆ.

ಹೊಟ್ಟೆ ಒತ್ತುವುದು ನಮ್ಮ ಕಾಲದಲ್ಲಿ ಎಲ್ಲ ಕಡೆಯೂ ನಡೆಯುತ್ತಿತ್ತು; ಅದನ್ನು ನಮಗೆ ಪಾಠದಲ್ಲಿ ಹೇಳಿಕೊಟ್ಟದ್ದಲ್ಲ, ಹಿರಿಯರು ಮಾಡುವುದನ್ನು ನೋಡಿ ಕಲಿತದ್ದು. ಮಗುವನ್ನು ಹೊರತರಲು ಹಾಗೆ ಒತ್ತಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಹೆರಿಗೆ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ: ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆಯನ್ನು ಒತ್ತಿ ನೋಡುವುದು, ಮೆತ್ತಗಿದ್ದರೆ ತಿಕ್ಕುವುದು ರಕ್ತಸ್ರಾವ ತಡೆಯುವುದಕ್ಕಾಗಿ. ಅದೂ ಬಹಳ ನೋವು ಕೊಡುತ್ತದೆ, ಆದರೆ ಅದು ಅಗತ್ಯ. ಮಗು ಹುಟ್ಟಿದ ಒಂದು ನಿಮಿಷದೊಳಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಅನ್ನು ಸ್ನಾಯುವಿಗೆ ಕೊಡುವುದೂ ಅದೇ ಉದ್ದೇಶದಿಂದ. ನೀವು ಹೇಳುತ್ತಿರುವುದು ಮಗು ಹುಟ್ಟುವ ಮೊದಲಿನದು, ಹಾಗಾಗಿ ಅದು ಬೇರೆ.

ಕತ್ತರಿಸುವ ವಿಷಯದಲ್ಲಿ, ಚೊಚ್ಚಲಿಗೆ ಕಡ್ಡಾಯ ಎಂದು ಒಂದು ತಲೆಮಾರಿನ ಸಿಸ್ಟರ್‌ಗಳೆಲ್ಲ ನಂಬಿದ್ದೆವು. ಈಗ ಅಗತ್ಯ ಬಿದ್ದವರಿಗೆ ಮಾತ್ರ ಎಂಬ ನಿಯಮವಿದೆ. ಅಗತ್ಯವೇ ಬಿದ್ದಿದ್ದರೂ ‘ಸ್ವಲ್ಪ ಕತ್ತರಿಸಬೇಕಾಗಿದೆ, ತಾಯಿ’ ಎಂದು ಹೇಳಲು ಎಷ್ಟು ಹೊತ್ತು ಬೇಕು? ಔಷಧಿ ಹಿಡಿಯಿತೇ ಎಂದು ಚಿಮುಟದಿಂದ ಮುಟ್ಟಿ ನೋಡಿದ ಮೇಲೆಯೇ ಹೊಲಿಯಬೇಕು. ಒಂದೆರಡು ನಿಮಿಷ ಕಾಯಲು ಪುರುಸೊತ್ತಿಲ್ಲದಷ್ಟು ತುರ್ತು ಹೊಲಿಗೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಗು ಚೆನ್ನಾಗಿ ಅತ್ತಿದ್ದರೆ ಒರೆಸಿ ನಿಮ್ಮ ಎದೆಯ ಮೇಲೆಯೇ ಮಲಗಿಸಿ, ಒಂದು ಗಂಟೆಯೊಳಗೆ ಹಾಲು ಕುಡಿಯಲು ಬಿಡಬೇಕಿತ್ತು. ಮೊದಲ ಹಾಲನ್ನು ಹಿಂಡಿ ಚೆಲ್ಲುತ್ತಿದ್ದ ಅಜ್ಜಿಯರನ್ನು ನಾವೆಲ್ಲ ಊರೂರಿಗೆ ಹೋಗಿ ತಿದ್ದಿ ಬಂದೆವು. ಈಗ ಆಸ್ಪತ್ರೆಯವರೇ ಕಾರಣ ಹೇಳದೆ ಡಬ್ಬಿ ಹಾಲು ಕುಡಿಸುತ್ತಾರೆ ಎಂದರೆ ನನಗೆ ಸಿಟ್ಟು ಬರುತ್ತದೆ. ವೈದ್ಯಕೀಯ ಕಾರಣವಿದ್ದರೆ ಅದನ್ನು ಬರೆದಿರಬೇಕು, ನಿಮಗೂ ಹೇಳಿರಬೇಕು.

ಹೊಡೆದದ್ದು ಮತ್ತು ಆ ಮಾತು ಯಾವ ಚಿಕಿತ್ಸೆಯೂ ಅಲ್ಲ. ಆ ಮಾತನ್ನು ನಾನೂ ಕೇಳಿದ್ದೇನೆ, ಒಂದಲ್ಲ ಎರಡಲ್ಲ ಆಸ್ಪತ್ರೆಗಳಲ್ಲಿ. ಹೇಳಿಕೊಳ್ಳಲು ನಾಚಿಕೆಪಡಬೇಕಾದವರು ನೀವಲ್ಲ.

ಉತ್ತರ: ಹೆರಿಗೆ ವೈದ್ಯ, ಚಿತ್ರದುರ್ಗ

ಈತ ತನ್ನ ವೃತ್ತಿಯವರ ಪರವಾಗಿ ವಾದಿಸಲು ಬಂದಿದ್ದಾನೆ ಎಂದು ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ಮಟ್ಟಿಗೆ ಅದಕ್ಕಾಗಿಯೇ ಬಂದಿದ್ದೇನೆ.

ಮೇಲಿನ ಸಿಸ್ಟರ್ ಅವರು ಬರೆದುದರಲ್ಲಿ ತಾಂತ್ರಿಕವಾಗಿ ತಿದ್ದುವಂಥದ್ದು ಏನೂ ಇಲ್ಲ. ಆದರೆ ಓದುಗರು ಒಂದು ಹಿನ್ನೆಲೆಯನ್ನು ಮರೆಯಬಾರದು. ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಮೊಳಕಾಲ್ಮೂರು, ಜಗಳೂರಿನಂಥ ತಾಲ್ಲೂಕುಗಳ ಹೆಂಗಸರೂ ಆಸ್ಪತ್ರೆಗೆ ಬಂದು ಹೆರುವಂತಾದದ್ದು ಇದಕ್ಕೆ ಒಂದು ದೊಡ್ಡ ಕಾರಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಇಷ್ಟು ಜನ ಬರುವ ಕಡೆ ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್ ಇದ್ದಾಗ, ಪ್ರತಿಯೊಂದು ಕ್ರಮವನ್ನೂ ವಿವರಿಸಿ ಒಪ್ಪಿಗೆ ಪಡೆಯುವ ನಿರೀಕ್ಷೆ ನ್ಯಾಯವಾದದ್ದಾದರೂ ಈಡೇರುವುದು ಕಷ್ಟ. ಮಗುವಿನ ಎದೆಬಡಿತ ಒಮ್ಮೆಲೇ ಕುಸಿದಾಗ ನಾವು ಮಾತನಾಡುತ್ತ ನಿಲ್ಲಲಾರೆವು, ಮತ್ತು ಆಗ ಕೋಣೆಯಲ್ಲಿ ಏರುವ ಧ್ವನಿಗಳೆಲ್ಲವೂ ತಾಯಿಯ ಮೇಲಿನ ಸಿಟ್ಟಿನಿಂದ ಏರುವುದಿಲ್ಲ.

ಇನ್ನು, ಸಿಸೇರಿಯನ್ ಇಲ್ಲದೆ ಆಯಿತು ಎಂದು ಬಂಧುಗಳು ಹೇಳುವುದರ ಹಿಂದೆಯೂ ಒಂದು ಕಾರಣವಿದೆ. ಅದೇ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4ರಷ್ಟು ಸಿಸೇರಿಯನ್ ಆಗಿವೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3ರಷ್ಟು. ನಿಮ್ಮ ವಿಷಯದಲ್ಲಿ ಆ ವೈದ್ಯರು ರಾತ್ರಿಯಿಡೀ ಕಾದು ಸಹಜ ಹೆರಿಗೆಗೆ ಅವಕಾಶ ಕೊಟ್ಟಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನನ್ನಿಂದ ಸಮರ್ಥಿಸಲಾಗದ ಸಂಗತಿಗಳಲ್ಲಿ ಹೊಡೆತವನ್ನು ಬಿಟ್ಟರೆ ಮುಖ್ಯವಾದದ್ದು ಆ ಡಿಸ್ಚಾರ್ಜ್ ಕಾಗದ. ಆಕ್ಸಿಟೋಸಿನ್ ಕೊಟ್ಟದ್ದು, ಹೊಟ್ಟೆ ಒತ್ತಿದ್ದು, ಕತ್ತರಿಸಿದ್ದು, ಸೀಳು ಹೆಚ್ಚಾಗಿ ಗುದದ್ವಾರದ ಸ್ನಾಯುವಿನವರೆಗೆ ಹೋಗಿತ್ತೇ ಇಲ್ಲವೇ ಎಂಬುದು ಮುಂದಿನ ಹೆರಿಗೆ ಮಾಡಿಸುವ ವೈದ್ಯರಿಗೆ ಗೊತ್ತಿರಲೇಬೇಕು. ಅದನ್ನು ಬರೆಯದಿದ್ದರೆ ಮುಂದಿನವರು ಕಣ್ಣುಕಟ್ಟಿಕೊಂಡು ನಡೆಯಬೇಕಾಗುತ್ತದೆ. ದಾಖಲೆ ಕೇಳುವುದನ್ನು ಜಗಳವೆಂದು ಭಾವಿಸಬೇಡಿ, ಖಂಡಿತವಾಗಿ ಕೇಳಿ. ಮೂತ್ರ ಅಥವಾ ಮಲ ತಡೆಯುವಲ್ಲಿ ತೊಂದರೆ, ಹೊಲಿಗೆಯ ಜಾಗದಲ್ಲಿ ಉಳಿದ ನೋವು ಏನಾದರೂ ಇದ್ದರೆ ದಾಖಲೆಗಾಗಿ ಕಾಯದೆ ಒಮ್ಮೆ ತೋರಿಸಿಕೊಳ್ಳಿ; ಅದೇ ಆಸ್ಪತ್ರೆಗೆ ಹೋಗಬೇಕಾಗಿಲ್ಲ.

ಉತ್ತರ: ಜಗಳೂರು ತಾಲ್ಲೂಕಿನ ತಾಯಿ

ಅಕ್ಕ, ಖಾಸಗಿಯಲ್ಲಿ ಹೀಗಾದರೆ ಸರ್ಕಾರಿಯಲ್ಲಿ ಹೇಗೋ ಎಂದು ಯಾರಾದರೂ ಕೇಳುವ ಮೊದಲೇ ನನ್ನದನ್ನು ಬರೆಯುತ್ತೇನೆ. ನನ್ನ ಎರಡೂ ಹೆರಿಗೆಗಳು ಬೇರೆ ಬೇರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆದವು. ಮೊದಲನೆಯದರಲ್ಲಿ ಬೈಗುಳವೂ ಇತ್ತು, ವಸೂಲಿಯೂ ಇತ್ತು. ಮಗುವನ್ನು ಹೊರಗೆ ತಂದವರು ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ದರ ಹೇಳಿದ್ದರಿಂದ ನಮ್ಮವರು ಅಲ್ಲಿಯೇ ನಿಂತಿದ್ದ ಸಂಬಂಧಿಕರ ಬಳಿ ಸಾಲ ಮಾಡಿ ಕೊಟ್ಟರು. 2011ರಿಂದಲೇ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ ಎಂಬುದನ್ನು ನಮ್ಮ ಆಶಾ ಕಾರ್ಯಕರ್ತೆ ಆಮೇಲೆ ಹೇಳಿದರು. 104ಕ್ಕೆ ಕರೆ ಮಾಡಿ ದೂರು ಕೊಡಬಹುದಿತ್ತು ಎಂದೂ ಅವರೇ ಹೇಳಿದ್ದು.

ಎರಡನೆಯ ಹೆರಿಗೆಯಲ್ಲಿ ನಮ್ಮ ಅಕ್ಕನನ್ನು ಒಳಗೆ ಬಿಟ್ಟರು. ಹೆರಿಗೆಯ ಅನುಭವವಿರುವ ಒಬ್ಬ ಹೆಂಗಸು ಜೊತೆಯಲ್ಲಿರಬಹುದು, ಆದರೆ ಶುಚಿಯಾದ ಬಟ್ಟೆ ತೊಟ್ಟಿರಬೇಕು, ಸೋಂಕಿನ ಕಾಯಿಲೆ ಇರಬಾರದು, ಸಿಬ್ಬಂದಿಯ ಕೆಲಸದಲ್ಲಿ ಕೈಹಾಕಬಾರದು ಎಂಬ ನಿಯಮಗಳನ್ನು ಓದಿ ಹೇಳಿದರು. ಅಕ್ಕ ಮಾಡಿದ್ದು ಬೆನ್ನು ಸವರಿದ್ದು, ನೀರು ಕುಡಿಸಿದ್ದು ಅಷ್ಟೇ. ಆದರೆ ಅವಳು ಪಕ್ಕದಲ್ಲಿ ನಿಂತಿದ್ದಷ್ಟು ಹೊತ್ತು ಯಾರ ಧ್ವನಿಯೂ ಏರಲಿಲ್ಲ. ಸಿಸ್ಟರ್ ಒಳ್ಳೆಯವರೇ ಇದ್ದಿರಬಹುದು, ಇಲ್ಲವೆನ್ನುವುದಿಲ್ಲ. ಆದರೂ ನಿಮ್ಮ ಅಮ್ಮ ಒಳಗಿದ್ದಿದ್ದರೆ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ ಎಂದು ನನಗೆ ಖಾತರಿಯಿದೆ.

ಉತ್ತರ: ವಕೀಲ, ದಾವಣಗೆರೆ

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ದಾಖಲೆ ಕೇಳುವ ಹಕ್ಕು ನಿಮಗಿದೆ. ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ನಕಲು ತೆಗೆಯುವ ವೆಚ್ಚವನ್ನು ಕೇಳಿದರೆ ಕೊಟ್ಟುಬಿಡಿ. ಡಿಸ್ಚಾರ್ಜ್ ಕಾಗದ ಈಗಾಗಲೇ ನಿಮ್ಮಲ್ಲಿರುವುದರಿಂದ ಬರಿಯ ‘ದಾಖಲೆ ಕೊಡಿ’ ಎಂದು ಬರೆದರೆ ಅದರದೇ ಇನ್ನೊಂದು ಪ್ರತಿ ಬರುತ್ತದೆ. ಕೇಸ್ ಶೀಟ್, ಪಾರ್ಟೋಗ್ರಾಫ್, ಔಷಧಿ ಕೊಟ್ಟ ಪಟ್ಟಿ, ಸಿಸ್ಟರ್‌ಗಳ ಟಿಪ್ಪಣಿ, ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರಗಳು, ನವಜಾತ ಶಿಶುವಿನ ಹಾಳೆ ಎಂದು ಹೆಸರಿಟ್ಟು ಕೇಳಿ.

ದೂರಿನ ಮಾತಿಗೆ ಬಂದರೆ, ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡುವುದು ಒಳ್ಳೆಯದು. ಅಲ್ಲಿ ಉತ್ತರ ಸಿಗದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿಯೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ರೋಗಿಯ ಘನತೆ, ಖಾಸಗಿತನ, ಚಿಕಿತ್ಸೆಯ ಮಾಹಿತಿ ಇವೆಲ್ಲ ಆ ಕಾಯ್ದೆಯ ರೋಗಿಗಳ ಸನ್ನದಿನ ವ್ಯಾಪ್ತಿಗೆ ಬರುತ್ತವೆ, ಆದ್ದರಿಂದ ನಿಮ್ಮಂಥ ದೂರಿಗೆ ಇದೇ ಸರಿಯಾದ ಜಾಗವೆಂದು ನನ್ನ ಅಭಿಪ್ರಾಯ. ಗ್ರಾಹಕರ ಆಯೋಗವೂ ಇದೆ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದೆ, ದೂರು ಸಲ್ಲಿಸಲು ಎರಡು ವರ್ಷಗಳ ಕಾಲಮಿತಿ ಇದೆ. ಆದರೆ ಅಲ್ಲಿ ಸೇವೆಯ ನ್ಯೂನತೆಯನ್ನು ಸಾಬೀತು ಮಾಡಬೇಕಾಗುತ್ತದೆ, ಅದಕ್ಕೆ ಬೇರೊಬ್ಬ ವೈದ್ಯರ ಅಭಿಪ್ರಾಯ ಬೇಕಾಗುವುದೇ ಹೆಚ್ಚು, ಮತ್ತು ಸಾಕ್ಷಿಯಿಲ್ಲದ ಕೋಣೆಯಲ್ಲಿ ಆಡಿದ ಮಾತನ್ನು ಸಾಬೀತು ಮಾಡುವುದು ಸುಲಭವಲ್ಲ. ನಿಮಗೆ ಬೇಕಾಗಿರುವುದು ಪರಿಹಾರದ ಹಣವಲ್ಲ, ವಿವರಣೆ ಎಂದು ನಿಮ್ಮ ಬರಹದಿಂದ ತಿಳಿಯುತ್ತದೆ.

ಬಂಧುಗಳನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಗಲಾಟೆ ಮಾಡುವ ಯೋಚನೆ ಮನೆಯಲ್ಲಿ ಯಾರಿಗಾದರೂ ಇದ್ದರೆ ತಡೆಯಿರಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರ ಪ್ರತ್ಯೇಕ ಕಾಯ್ದೆಯಿದೆ. ದೂರು ಕೊಡಬೇಕಾದವರೇ ಆರೋಪಿಗಳಾಗುವುದನ್ನು ನಾನು ನ್ಯಾಯಾಲಯದಲ್ಲಿ ನೋಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಡಾಕ್ಟರ್ ಅವರು ಹೇಳಿದ್ದನ್ನು ಬೇಸರವಿಲ್ಲದೆ ಓದಿದೆ. ರಾತ್ರಿಯಿಡೀ ಒಬ್ಬರೇ ಓಡಾಡುತ್ತಿದ್ದ ಆ ಸಿಸ್ಟರ್ ಬಗ್ಗೆ ನನಗೂ ಕನಿಕರವಿದೆ, ಆದರೆ ಹೆಚ್ಚು ಜನರನ್ನು ನೇಮಿಸದ ಆಸ್ಪತ್ರೆಯ ಲೆಕ್ಕವನ್ನು ನನ್ನ ತೊಡೆಯ ಮೇಲೆ ತೀರಿಸುವುದು ಹೇಗೆ ಸರಿ? ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅರ್ಜಿಗೆ ತಾವೂ ಸಹಿ ಹಾಕುತ್ತೇನೆ ಎಂದರು. ಅರ್ಜಿಯನ್ನು ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ? ಇನ್ನೊಂದು ಸಂಗತಿ, ಇಲ್ಲಿ ಕೇಳಬಹುದೋ ಇಲ್ಲವೋ ತಿಳಿಯದು: ಮಗು ಮಲಗಿದಾಗಲೂ ನನಗೆ ನಿದ್ರೆ ಬರುವುದಿಲ್ಲ, ಕಣ್ಣು ಮುಚ್ಚಿದರೆ ಆ ಕೋಣೆಯೇ ಬರುತ್ತದೆ, ತಪಾಸಣೆಗೆ ಕರೆದರೂ ಆ ರಸ್ತೆಯಲ್ಲಿ ಹೋಗಲು ಮನಸ್ಸಾಗುವುದಿಲ್ಲ.

ಉತ್ತರ: ನಿವೃತ್ತ ಶುಶ್ರೂಷಕಿ

ಖಂಡಿತ ಕೇಳಬಹುದು ತಂಗಿ, ಮೊದಲು ಕೇಳಬೇಕಾಗಿದ್ದೇ ಅದು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಬಹಳ ಮಂದಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ನಿದ್ರೆಯಿಲ್ಲದಿರುವುದು, ಅದೇ ದೃಶ್ಯ ಮತ್ತೆ ಮತ್ತೆ ಕಾಣುವುದು ಬೇರೆ. ಬಾಣಂತನದಲ್ಲಿ ಹೀಗೆಯೇ ಎಂದು ಮನೆಯವರು ಬಿಟ್ಟುಬಿಡಬಾರದು. 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ಆ ಭಯದಿಂದ ಹೋಗದೆ ಇರಬೇಡಿ. ನಿಮಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಆ ಗಳಿಗೆಯಲ್ಲಿಯೇ ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಹೆರಿಗೆಗೆ ಎಲ್ಲಿ ಹೆಸರು ಬರೆಸಿದರೂ, ಬರೆಸುವ ಮೊದಲೇ ಕೇಳಿಕೊಳ್ಳಿ: ಅಮ್ಮನನ್ನು ಒಳಗೆ ಬಿಡುತ್ತೀರಾ, ರಾತ್ರಿ ಎಷ್ಟು ಜನ ಸಿಸ್ಟರ್ ಇರುತ್ತಾರೆ, ದೊಡ್ಡ ಡಾಕ್ಟರ್ ಎಷ್ಟು ಹೊತ್ತಿನಲ್ಲಿ ಬರಬಲ್ಲರು. ಸ್ತ್ರೀರೋಗ ತಜ್ಞರ ಒಕ್ಕೂಟ ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ ‘ಮಾನ್ಯತಾ’ ಎಂಬ ಪ್ರಮಾಣಪತ್ರ ಕೊಡುತ್ತದೆ, ಅದು ಇದೆಯೇ ಎಂದೂ ವಿಚಾರಿಸಿ. ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಂದಲೇ ಎದ್ದು ಬನ್ನಿ.

ಉತ್ತರ: ವಕೀಲ, ದಾವಣಗೆರೆ

ಕನ್ನಡದಲ್ಲಿಯೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಸ್ಪತ್ರೆಯ ಮುದ್ರೆ, ದಿನಾಂಕ ಮತ್ತು ಪಡೆದವರ ಸಹಿ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ನಿಮ್ಮ ಒಳರೋಗಿ ಸಂಖ್ಯೆ ಮತ್ತು ದಾಖಲಾದ ದಿನಾಂಕ ಮೇಲ್ಭಾಗದಲ್ಲಿರಲಿ. ಪತಿಯವರ ಸಹಿ ಇದ್ದರೂ ಅಡ್ಡಿಯಿಲ್ಲ, ಆದರೆ ಅರ್ಜಿದಾರರು ನೀವೇ ಆಗಿರಬೇಕು. ಈ ಅರ್ಜಿಯಲ್ಲಿ ಹೊಡೆತದ ವಿಷಯವನ್ನಾಗಲಿ ಮಾತಿನ ವಿಷಯವನ್ನಾಗಲಿ ಬರೆಯಬೇಡಿ, ದಾಖಲೆಗಳನ್ನು ಮಾತ್ರ ಕೇಳಿ. ನಡೆದುದೆಲ್ಲವನ್ನೂ ಮರೆಯುವ ಮೊದಲು ಬೇರೊಂದು ಹಾಳೆಯಲ್ಲಿ ಸಮಯದ ಸಮೇತ ಬರೆದು, ಅಮ್ಮನವರು ಹೊರಗೆ ಕಂಡದ್ದನ್ನೂ ಕೇಳಿದ್ದನ್ನೂ ಅವರಿಂದಲೇ ಬರೆಸಿ ಇಟ್ಟುಕೊಳ್ಳಿ. ದಾಖಲೆಗಳು ಕೈಸೇರಿದ ಮೇಲೆ ಎರಡನ್ನೂ ಜೊತೆಗಿಟ್ಟು ನೋಡಿ ದೂರನ್ನು ಸಿದ್ಧಪಡಿಸೋಣ.